ಸುಟ್ಟ ಬಲ್ಬನ್ನು ಎಸೆಯುವ ಮೊದಲು

ಹೆಜಮಾಡಿಯಿಂದ ಕಾಪುವಿನ ತನಕ ಅಂಗಳದಲ್ಲಿ, ತೋಟದಲ್ಲಿ, ಗೇಟಿನ ದಾರಿಯಲ್ಲಿ 12 ವೋಲ್ಟಿನ ದೀಪ ಹಾಕಿಸಿಕೊಂಡ ಎಲ್ಲ ಮನೆಯವರಿಗೆ, ಹೋಮ್‌ಸ್ಟೇ ನಡೆಸುವವರಿಗೆ, ದೇವಸ್ಥಾನ, ದೈವಸ್ಥಾನ, ಇಗರ್ಜಿ, ಮಸೀದಿಗಳ ಆಡಳಿತ ಸಮಿತಿಯವರಿಗೆ,

ಪಡುಬಿದ್ರಿಯ ಒಬ್ಬ ವೈರ್‌ಮನ್ ಬರೆಯುವ ಪತ್ರ.



ಮಳೆ ಬಿಟ್ಟು ನವರಾತ್ರಿ ಹತ್ತಿರವಾಯಿತೆಂದರೆ ನನ್ನಂಥವರ ಫೋನಿಗೆ ಪುರುಸೊತ್ತಿಲ್ಲ. ಹೆಚ್ಚಿನ ಕರೆಗಳ ಮಾತು ಒಂದೇ: "ಅಂಗಳದ ಬಲ್ಬು ಹೋಗಿದೆ ಮಾರಾಯ್ರೆ, ಬರುವಾಗ ನಾಲ್ಕು ಹೆಚ್ಚೇ ತನ್ನಿ." ಬಲ್ಬು ಬರುತ್ತದೆ, ಹಾಕಿದ್ದೂ ಆಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಎಲ್ಲರಿಗೂ ಸಮಾಧಾನ. ತುಳಸಿಪೂಜೆಯ ಹೊತ್ತಿಗೆ ಅದೇ ಜಾಗದ ಬಲ್ಬು ಮತ್ತೆ ಹೋಗಿರುತ್ತದೆ. ಆಗ ಬೈಗುಳ ಬಲ್ಬಿನ ಕಂಪನಿಗೆ, ಇಲ್ಲವೇ ಚೀನಾದವರಿಗೆ, ಕೊನೆಗೆ ಉಪ್ಪುಗಾಳಿಗೆ. ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಬಲ್ಬು ಬದಲಿಸುವ ಮೊದಲು ಅದು ಏಕೆ ಹೋಯಿತು ಎಂದು ಕೇಳಿ. ನನ್ನನ್ನೂ ಕೇಳಿ, ನಿಮ್ಮ ಮನೆಗೆ ಬರುವ ಬೇರೆ ಯಾವ ವೈರ್‌ಮನ್ನನ್ನೂ ಕೇಳಿ. ಉತ್ತರ ಸಿಗದೆ ಹೊಸ ಬಲ್ಬಿಗೆ ದುಡ್ಡು ಹಾಕಬೇಡಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ಲೆಕ್ಕ ಸುಲಭವಾಗಿದೆ. ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಸಾಮಾನ್ಯವಾಗಿ 25,000 ಗಂಟೆ ಎಂದು ಬರೆದಿರುತ್ತದೆ. ರಾತ್ರಿಗೆ ಐದು ಗಂಟೆ ಉರಿಸಿದರೆ ಅದು 5,000 ರಾತ್ರಿ, ಅಂದರೆ ಹದಿಮೂರು ವರ್ಷಕ್ಕೂ ಮಿಕ್ಕಿ. ಕಂಪನಿಯ ಮಾತಿನಲ್ಲಿ ಅರ್ಧ ಕಳೆದರೂ ಆರು ವರ್ಷ ಬರಬೇಕು. ಹಳೆಯ ಹ್ಯಾಲೊಜನ್ ಬಲ್ಬಿಗೆ 2,000 ಗಂಟೆ ಹಿಡಿಯಿರಿ. ಅದು 400 ರಾತ್ರಿ, ವರ್ಷದ ಮೇಲೆ ಒಂದು ತಿಂಗಳು. ಹ್ಯಾಲೊಜನ್ ಎರಡನೇ ಮಳೆಗಾಲದಲ್ಲಿ ಹೋದರೆ ಆಯುಸ್ಸು ಮುಗಿಯಿತು ಎನ್ನೋಣ. ಎಲ್‌ಇಡಿ ಹಾಗೆ ಹೋದರೆ ಆಯುಸ್ಸಿನ ಮಾತು ನಿಲ್ಲುವುದಿಲ್ಲ. 2015ರಲ್ಲಿ ಶುರುವಾದ ಸರ್ಕಾರದ 'ಹೊಸ ಬೆಳಕು' ಯೋಜನೆಯಲ್ಲಿ ಕೊಂಡ 9 ವ್ಯಾಟಿನ ಬಲ್ಬು ಕೆಲವು ಮನೆಗಳ ಚಾವಡಿಯಲ್ಲಿ ಇನ್ನೂ ಉರಿಯುವುದನ್ನು ನಾನು ನೋಡುತ್ತಿದ್ದೇನೆ. ಅದೇ ಮನೆಯ ಅಂಗಳದಲ್ಲಿ, ಅದಕ್ಕಿಂತ ಮೂರು ಪಟ್ಟು ಬೆಲೆಯ ಬಲ್ಬು ವರ್ಷ ತುಂಬುವುದಿಲ್ಲ. ಚಾವಡಿಗೂ ಅಂಗಳಕ್ಕೂ ನಡುವೆ ಏನೋ ನಡೆಯುತ್ತಿದೆ. ಆ 'ಏನೋ' ಹೆಚ್ಚಿನ ಸಲ ಬಲ್ಬಿನ ಒಳಗಿರುವುದಿಲ್ಲ. ವಯರಿನಲ್ಲಿ, ಜಾಯಿಂಟಿನಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಇರುತ್ತದೆ.

ನಮ್ಮ ಊರಿನಲ್ಲಿ ಈ ದೀಪಗಳು ಹೆಚ್ಚಿದ್ದಕ್ಕೆ ಕಾರಣ ನಿಮಗೆ ಗೊತ್ತಿದೆ. 2020ರಲ್ಲಿ ಪಡುಬಿದ್ರಿ ಬೀಚಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಮೇಲೆ ಕಡಲ ಬದಿಯಲ್ಲಿ ಹೋಮ್‌ಸ್ಟೇಗಳು ಎದ್ದವು. ಮುಂಬಯಿಯಲ್ಲಿ, ಗಲ್ಫಿನಲ್ಲಿ ದುಡಿದವರು ಹಳೆಯ ಮನೆ ಕೆಡವಿ ಹೊಸದು ಕಟ್ಟಿದರು. ಗೇಟಿನಿಂದ ಸಿಟೌಟಿನ ತನಕ ಎರಡು ಬದಿಗೂ ಮೊಣಕಾಲೆತ್ತರದ ದೀಪ ನೆಟ್ಟರು. ಎರಡು ವರ್ಷಕ್ಕೊಮ್ಮೆ ಢಕ್ಕೆಬಲಿಗೆ ಊರು ತುಂಬುವಾಗ ಅಂಗಳ ಚೆನ್ನಾಗಿ ಕಾಣಬೇಕೆಂಬ ಆಸೆ ಎಲ್ಲರಿಗೂ ಇದೆ. ಮಕ್ಕಳು ಓಡಾಡುವಲ್ಲಿ, ನೀರು ನಿಲ್ಲುವಲ್ಲಿ 230 ವೋಲ್ಟಿನ ವಯರು ಎಳೆಯುವುದಕ್ಕಿಂತ 12 ವೋಲ್ಟು ಒಳ್ಳೆಯದೇ. ಅದನ್ನು ಹಾಕಿಸಿದ್ದು ತಪ್ಪಲ್ಲ. ಆದರೆ ಮನೆಯೊಳಗಿನ ಕರೆಂಟಿನ ರೂಢಿಯನ್ನೇ ಅಂಗಳಕ್ಕೂ ತಂದರೆ ಕೆಲಸ ಕೆಡುತ್ತದೆ. ಹೇಗೆಂದು ಹೇಳುತ್ತೇನೆ.

ಪಕ್ಕದ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳಿವೆ. ಅಲ್ಲಿ ಹುಟ್ಟಿದ ಕರೆಂಟು ಘಟ್ಟ ಹತ್ತಿ ಹಾಸನದ ಕಡೆಗೆ ಹೋಗುವುದು 400 ಕಿಲೋವೋಲ್ಟಿನ ಲೈನಿನಲ್ಲಿ. ಅಷ್ಟು ದೊಡ್ಡ ಗೋಪುರ, ಅಷ್ಟು ಹೆಚ್ಚು ವೋಲ್ಟೇಜು ಯಾಕೆ? ವೋಲ್ಟೇಜು ಏರಿಸಿದಷ್ಟೂ ಅದೇ ಶಕ್ತಿಗೆ ಬೇಕಾಗುವ ಆಂಪಿಯರ್ ಇಳಿಯುತ್ತದೆ. ಆಂಪಿಯರ್ ಇಳಿದಷ್ಟೂ ವಯರಿನಲ್ಲಿ ಕಳೆದುಹೋಗುವುದು ಕಡಿಮೆ. ನಾವು ಅಂಗಳದಲ್ಲಿ ಮಾಡುವುದು ಇದರ ತೀರಾ ತಿರುಗುಮುರುಗು. ವೋಲ್ಟೇಜನ್ನು 12ಕ್ಕೆ ಇಳಿಸುತ್ತೇವೆ, ಹಾಗಾಗಿ ಆಂಪಿಯರ್ ಏರುತ್ತದೆ. 60 ವ್ಯಾಟಿನ ದೀಪಗಳಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. 1.5 ಚದರ ಮಿಲಿಮೀಟರಿನ ತಾಮ್ರದ ವಯರನ್ನು 20 ಮೀಟರ್ ದೂರ ಎಳೆದು, ತುದಿಯಲ್ಲಿ ಆ 60 ವ್ಯಾಟ್ ಹಾಕಿ ನೋಡಿ. ಹೋಗುವ ಬರುವ ದಾರಿ ಸೇರಿ 40 ಮೀಟರ್ ವಯರು. ಸುಮಾರು 2.4 ವೋಲ್ಟು ದಾರಿಯಲ್ಲೇ ಹೋಯಿತು. ಬಲ್ಬಿಗೆ ಸಿಕ್ಕಿದ್ದು 9.6. ಅದೇ ವಯರು, ಅದೇ ದೂರ, ಅದೇ 60 ವ್ಯಾಟು 230 ವೋಲ್ಟಿನಲ್ಲಾದರೆ ನಷ್ಟ ಲೆಕ್ಕಕ್ಕೇ ಇಲ್ಲ. ತೋಟಕ್ಕೆ ಒಂದೇ ಸಪೂರ ಪೈಪಿನಲ್ಲಿ ಹತ್ತು ಜೆಟ್ ಜೋಡಿಸಿದಾಗ ಮೊದಲನೆಯದು ಎಗರಿ ಹಾರುತ್ತದೆ, ಕೊನೆಯದು ತೊಟ್ಟಿಕ್ಕುತ್ತದೆ, ಇಲ್ಲಿಯೂ ಹಾಗೆಯೇ.

ಕೆಲವರು ಇದಕ್ಕೆ ಮದ್ದು ಕಂಡುಹಿಡಿದಿದ್ದಾರೆ. ಟ್ರಾನ್ಸ್‌ಫಾರ್ಮರಿನ ಬದಲು 12 ವೋಲ್ಟಿನ ಡಿಸಿ ಕೊಡುವ ಎಸ್‌ಎಂಪಿಎಸ್ ಡಬ್ಬದ ಮೂಲೆಯಲ್ಲಿ ವೋಲ್ಟೇಜು ಹೊಂದಿಸುವ ಒಂದು ಸಣ್ಣ ತಿರುಪು ಇರುತ್ತದೆ. ಕೆಲವು ಟ್ರಾನ್ಸ್‌ಫಾರ್ಮರುಗಳಲ್ಲಿ 12, 13, 14 ಎಂದು ಬೇರೆ ಬೇರೆ ತುದಿಗಳಿರುತ್ತವೆ. ಗೇಟಿನ ಹತ್ತಿರದ ದೀಪ ಮಂಕಾಯಿತೆಂದು ಅದನ್ನು ತಿರುಗಿಸಿ ಏರಿಸುತ್ತಾರೆ. ಗೇಟಿನಲ್ಲಿ ಬೆಳಕು ಬಂತು, ಸರಿ. ಸಿಟೌಟಿನ ಬುಡದಲ್ಲಿರುವ ಬಲ್ಬಿಗೆ ಆಗ ಹದಿಮೂರು ವೋಲ್ಟಿಗೂ ಹೆಚ್ಚು ಸಿಗುತ್ತದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ನೂರಕ್ಕೆ ಐದು ಹೆಚ್ಚಾದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹತ್ತು ಹೆಚ್ಚಾದರೆ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಸುರುಳಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹತ್ತು ಹ್ಯಾಲೊಜನ್ನಿನಲ್ಲಿ ಮೂರು ಸುಟ್ಟವು ಎನ್ನಿ; ಭಾರ ಕಡಿಮೆಯಾದ್ದರಿಂದ ಉಳಿದ ಏಳಕ್ಕೆ ವೋಲ್ಟೇಜು ತುಸು ಏರುತ್ತದೆ, ಅವೂ ಬೇಗ ಹೋಗುತ್ತವೆ. "ಮೂರು ತಾನೇ, ಹಬ್ಬಕ್ಕೆ ಒಟ್ಟಿಗೆ ಹಾಕಿಸೋಣ" ಎಂದು ಕಾದು ಕೂತವರ ಮನೆಯಲ್ಲಿ ಸಾಲುಸಾಲಾಗಿ ಬಲ್ಬು ಹೋಗುವುದು ಇದರಿಂದಲೇ.

ಮಂಕು ದೀಪಕ್ಕೆ ಸರಿಯಾದ ಮದ್ದು ದಪ್ಪ ವಯರು. 1.5ರ ಬದಲು 4 ಚದರ ಮಿಲಿಮೀಟರಿನದು ಹಾಕಿದರೆ ಮೇಲೆ ಹೇಳಿದ 2.4 ವೋಲ್ಟಿನ ನಷ್ಟ ಒಂದು ವೋಲ್ಟಿಗಿಂತ ಕೆಳಗೆ ಬರುತ್ತದೆ. ಅಷ್ಟು ಖರ್ಚು ಬೇಡವೆಂದರೆ ಸಾಲಿನ ಒಂದು ತುದಿಯಿಂದ ಕರೆಂಟು ಕೊಡುವ ಬದಲು ನಡುವಿನಿಂದ ಎರಡು ಕವಲು ಮಾಡಿ ಕೊಡಿ. ಪ್ರತಿ ಕವಲಿನಲ್ಲಿ ಅರ್ಧ ದೀಪ, ಅರ್ಧ ದೂರ. ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಹ್ಯಾಲೊಜನ್ ತೆಗೆದು ಎಲ್‌ಇಡಿ ಹಾಕಿದರೆ ಆಂಪಿಯರೇ ಕಡಿಮೆಯಾಗಿ ಈ ತಲೆನೋವು ಬಹುಪಾಲು ಹೋಗುತ್ತದೆ. ಆದರೆ ಅದಕ್ಕೆ ಬೇರೆ ಷರತ್ತುಗಳಿವೆ, ಮುಂದೆ ಹೇಳುತ್ತೇನೆ.

ಈಗ ನೀವೇ ಮಾಡಬಹುದಾದ ಕೆಲಸ. ಕತ್ತಲಾದ ಮೇಲೆ ಅಂಗಳಕ್ಕಿಳಿದು ಯಾವ ದೀಪ ಹೋಗಿದೆ, ಯಾವುದು ಉಳಿದಿದೆ ಎಂದು ಸಾವಕಾಶವಾಗಿ ನೋಡಿ. ಬಲ್ಬುಗಳು ಹೋದ ರೀತಿಯಲ್ಲೇ ಅರ್ಧ ಉತ್ತರ ಇದೆ.

ಎಲ್ಲವೂ ಒಟ್ಟಿಗೆ ಹೋಗಿದ್ದರೆ ಬಲ್ಬಿನ ಅಂಗಡಿಗೆ ಹೋಗಬೇಡಿ. ಎಲ್ಲ ಬಲ್ಬೂ ಒಂದೇ ದಿನ ಆಯುಸ್ಸು ಮುಗಿಸುವುದಿಲ್ಲ. ಎಂಸಿಬಿ ಬಿದ್ದಿರಬಹುದು, ಟೈಮರಿನ ಹೊತ್ತು ಕರೆಂಟು ಹೋಗಿ ಬಂದು ಅದಲುಬದಲಾಗಿರಬಹುದು. ಬೆಳಕು ನೋಡಿ ತಾನೇ ಹೊತ್ತಿಸುವ ಸೆನ್ಸರ್ ಇದ್ದರೆ ಹಗಲಿನಲ್ಲಿ ಅದಕ್ಕೆ ಕಪ್ಪು ಬಟ್ಟೆ ಮುಚ್ಚಿ ಎರಡು ನಿಮಿಷ ಕಾಯಿರಿ. ದೀಪ ಹೊತ್ತಿದರೆ ಸೆನ್ಸರ್ ಸರಿಯಿದೆ. ಹಿಂದಿನ ರಾತ್ರಿ ಸಿಡಿಲು ಬಡಿದಿದ್ದರೆ ಮೊದಲ ಗುಮಾನಿ ಎಸ್‌ಎಂಪಿಎಸ್ಸಿನ ಮೇಲೆ.

ಒಂದೇ ಹೋಗಿದ್ದರೆ, ಸ್ವಿಚ್ಚು ಆರಿಸಿ, ಬಲ್ಬು ತಣಿದ ಮೇಲೆ, ಪಕ್ಕದ ಉರಿಯುವ ಬಲ್ಬನ್ನು ಅಲ್ಲಿಗೆ ಹಾಕಿ ನೋಡಿ. ಅದು ಉರಿದರೆ ಹಳೆಯ ಬಲ್ಬು ಸುಟ್ಟಿದೆ ಎಂದು ಖಾತ್ರಿ. ಉರಿಯದಿದ್ದರೆ ತಪ್ಪು ಹೋಲ್ಡರಿನದ್ದು ಅಥವಾ ಜಾಯಿಂಟಿನದ್ದು. ನೀವು ಎಸೆಯಲು ಹೊರಟ ಬಲ್ಬು ಚೆನ್ನಾಗಿಯೇ ಇದೆ. ಹ್ಯಾಲೊಜನ್ನಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಹತ್ತಿದಲ್ಲಿ ಗಾಜು ಅತಿಯಾಗಿ ಕಾದು ಬೇಗ ಕೆಡುತ್ತದೆ. ಒಂದು ಬಟ್ಟೆ ಹಿಡಿದುಕೊಳ್ಳಿ. ಡಿಸಿ ದೀಪವಾದರೆ ಎಸೆಯುವ ಮೊದಲು ಪಿನ್ನು ತಿರುಗಿಸಿ ಹಾಕಿ ನೋಡಿ. ಪ್ಲಸ್ ಮೈನಸ್ ಅದಲುಬದಲಾದರೆ ಕೆಲವು ಎಲ್‌ಇಡಿ ಉರಿಯುವುದೇ ಇಲ್ಲ.

ಒಂದು ಕಡೆಯಿಂದ ಮುಂದಕ್ಕೆ ಎಲ್ಲವೂ ಆರಿದ್ದರೆ, ಉರಿಯುವ ಕೊನೆಯ ದೀಪಕ್ಕೂ ಆರಿದ ಮೊದಲ ದೀಪಕ್ಕೂ ನಡುವೆ ನೆಲ ನೋಡಿ. ತೆಂಗಿನ ಬುಡ ಬಿಡಿಸಿದ್ದಾರೆಯೇ, ನಳ್ಳಿನೀರಿನ ಪೈಪಿಗೆ ಅಗೆದಿದ್ದಾರೆಯೇ, ಹೊಸ ಇಂಟರ್ಲಾಕ್ ಹಾಕಿದ್ದಾರೆಯೇ? ಹಾರೆಯ ಪೆಟ್ಟು ಅಲ್ಲಿದೆ. ಗೇಟಿನ ಕಡೆಗೆ ಹೋದಂತೆ ಮಂಕಾಗುತ್ತಿದ್ದರೆ ವಯರು ಸಪೂರ. ಮನೆಗೆ ಹತ್ತಿರದವು ಮಾತ್ರ ಮತ್ತೆ ಮತ್ತೆ ಸುಡುತ್ತಿದ್ದರೆ ವೋಲ್ಟೇಜು ಹೆಚ್ಚು. ಮಿಣುಕುತ್ತಿದ್ದರೆ ಸಡಿಲ ಜಾಯಿಂಟು, ಇಲ್ಲವೇ ಬಲ್ಬಿಗೂ ಟ್ರಾನ್ಸ್‌ಫಾರ್ಮರಿಗೂ ಹೊಂದಾಣಿಕೆ ಇಲ್ಲ.

ನಾನು ಕಂಡ ಒಂದು ದೀಪದ ಕತೆ ಹೇಳುತ್ತೇನೆ. ಎರ್ಮಾಳು ಕಡೆಯ ಒಂದು ಮನೆ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಮೂರನೇ ಬಲ್ಬು ಹಾಕಿಸಿಯೂ ಉಳಿಯದ ಒಂದು ಸ್ಪೈಕ್ ಲೈಟನ್ನು ಹೊಯಿಗೆಯಿಂದ ಕಿತ್ತು ಬಿಚ್ಚಿದೆ. ಗಾಜಿನ ಕೆಳಗೆ ಎರಡು ಚಮಚದಷ್ಟು ನೀರು. ನಾಲಿಗೆಗೆ ತಾಗಿಸುವುದೇ ಬೇಡ, ಒಣಗಿದಲ್ಲಿ ಬಿಳಿ ಉಪ್ಪು ಕಾಣುತ್ತಿತ್ತು. ಹೋಲ್ಡರಿನ ಸುತ್ತ ಇರುವೆ ಗೂಡು ಕಟ್ಟಿ ಮಣ್ಣು ತುಂಬಿಸಿತ್ತು. ತಿರುಪಿನ ತಲೆ ತುಕ್ಕು ಹಿಡಿದು ಮುಟ್ಟಿದರೆ ಉದುರಿತು. ಕೆಳಗಿನ ಜಾಯಿಂಟಿಗೆ ಸುತ್ತಿದ್ದ ಕಪ್ಪು ಟೇಪು ಅಂಟು ಬಿಟ್ಟು ಸಿಪ್ಪೆಯಂತೆ ಎದ್ದಿತ್ತು. ಅದನ್ನು ತೆಗೆದಾಗ ಒಂದು ವಯರು ಹಸಿರು ಕಿಲುಬು ಹಿಡಿದು ಎರಡೇ ಎಳೆಯಲ್ಲಿ ನಿಂತಿತ್ತು; ಪಕ್ಕದ್ದು ಕಪ್ಪಾಗಿತ್ತು, ಆದರೆ ಎಳೆಗಳು ಪೂರ್ತಿ ಇದ್ದವು. ಸವೆದದ್ದು ಪ್ಲಸ್ಸು. ಡಿಸಿ ಕರೆಂಟು ಉಪ್ಪುನೀರಿನಲ್ಲಿ ಹರಿದಾಗ ಪ್ಲಸ್ ಬದಿಯ ತಾಮ್ರವೇ ಕರಗಿ ಹೋಗುತ್ತದೆ. ಎರಡು ಎಳೆಯಲ್ಲಿ ಕರೆಂಟು ಸರಿಯಾಗಿ ಬಾರದೆ ಬಲ್ಬು ಹತ್ತಿ ಆರಿ, ಹತ್ತಿ ಆರಿ, ಒಳಗಿನ ಸಣ್ಣ ಸರ್ಕಿಟ್ ಸತ್ತಿತ್ತು. ಆ ಜಾಗಕ್ಕೆ ಚಿನ್ನದ ಬಲ್ಬು ಹಾಕಿದ್ದರೂ ಬಾಳುತ್ತಿರಲಿಲ್ಲ.

ನೀರು ಒಳಗೆ ಹೋದದ್ದು ಹೇಗೆ ಎಂದು ಮನೆಯವರು ಕೇಳಿದರು. ಡಬ್ಬದ ಮೇಲೆ ಐಪಿ65 ಎಂದಿತ್ತು. ಐಪಿ65 ಎಂದರೆ ಧೂಳು ಹೋಗದು, ಪೈಪಿನಿಂದ ಚಿಮ್ಮಿಸಿದ ನೀರು ಹೋಗದು ಎಂದು. ನೀರಿನಲ್ಲಿ ಮುಳುಗಿ ಕೂರಲು ಅದಕ್ಕೆ ಒಪ್ಪಿಗೆ ಇಲ್ಲ. ಅದಕ್ಕೆ ಐಪಿ67 ಬೇಕು, ಅದೂ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆಯ ಮಟ್ಟಿಗೆ. ಉರಿಯುವಾಗ ದೀಪದೊಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಆರಿಸಿದಾಗ, ಅಥವಾ ಒಮ್ಮೆಗೇ ಮಳೆ ಹೊಡೆದಾಗ, ಅದು ಕುಗ್ಗಿ ಹೊರಗಿನ ಒದ್ದೆ ಗಾಳಿಯನ್ನು ಸಂದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳ ಮಳೆಯಲ್ಲಿ ದಿನಕ್ಕೊಮ್ಮೆ ಹೀಗೆ ಉಸಿರೆಳೆದರೆ ಸೋಣ ತಿಂಗಳು ಮುಗಿಯುವ ಹೊತ್ತಿಗೆ ಎರಡು ಚಮಚ ನೀರು ಸೇರುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ವಯರು ಒಳಹೋಗುವ ಬಾಯಿಯ ಗ್ಲಾಂಡು ಬಿಗಿಯಾಗಿರಬೇಕು, ಗಾಜಿನ ಕೆಳಗಿನ ರಬ್ಬರು ಬಿರಿದಿರಬಾರದು, ದೀಪ ನೀರು ನಿಲ್ಲುವ ತಗ್ಗಿನಲ್ಲಿ ಇರಬಾರದು. ಜಾಯಿಂಟಿಗೆ ಬರೀ ಟೇಪು ಸುತ್ತಿದರೆ ಒಂದು ಮಳೆಗಾಲದ ಆಯುಸ್ಸು. ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ ಅಥವಾ ಜೆಲ್ ತುಂಬಿದ ಕನೆಕ್ಟರ್ ಹಾಕಿ. ತಿರುಪುಗಳು 316 ದರ್ಜೆಯ ಸ್ಟೀಲಿನವು ಇರಲಿ. 304 ಕಡಲ ಬದಿಯಲ್ಲಿ ಕ್ರಮೇಣ ಕಂದು ಕಲೆ ಹಿಡಿಯುತ್ತದೆ. ಬಲ್ಬಿನ ಪಿನ್ನಿಗೆ ಸಿಲಿಕೋನ್ ಗ್ರೀಸು ತೆಳ್ಳಗೆ ಸವರಿ. ಇವೆಲ್ಲ ಸೇರಿದರೂ ಒಂದು ಒಳ್ಳೆಯ ಬಲ್ಬಿನ ಬೆಲೆಗಿಂತ ಹೆಚ್ಚೇನೂ ಆಗದು.

ನಿಮ್ಮಲ್ಲಿಗೆ ಬರುವವರ ಕೈಯಲ್ಲಿ ಏನಿದೆ ಎಂದೂ ಗಮನಿಸಿ. ನಾವೆಲ್ಲ ಜೇಬಿನಲ್ಲಿಟ್ಟುಕೊಳ್ಳುವ ನಿಯಾನ್ ಟೆಸ್ಟರು 12 ವೋಲ್ಟಿಗೆ ಹೊತ್ತುವುದೇ ಇಲ್ಲ. ಟೆಸ್ಟರು ಇಟ್ಟು "ಇಲ್ಲಿ ಕರೆಂಟು ಬರುವುದಿಲ್ಲ" ಎಂದು ಯಾರಾದರೂ ಹೇಳಿ, ಚೆನ್ನಾಗಿರುವ ಕೇಬಲನ್ನು ಅಗೆದು ತೆಗೆಸಿದರೆ ನಷ್ಟ ನಿಮ್ಮದು. ಈ ಕೆಲಸಕ್ಕೆ ಮಲ್ಟಿಮೀಟರ್ ಬೇಕು. ಮೊದಲು ಟ್ರಾನ್ಸ್‌ಫಾರ್ಮರಿನ ಬಾಯಲ್ಲಿ, ದೀಪಗಳು ಉರಿಯುತ್ತಿರುವಾಗ, ವೋಲ್ಟೇಜು ಅಳೆಯಬೇಕು, ಆಮೇಲೆ ನಡುವಿನ ದೀಪದಲ್ಲಿ, ಆಮೇಲೆ ಕೊನೆಯದರಲ್ಲಿ. ಮೂರು ಅಂಕಿ ಬರೆದುಕೊಂಡರೆ ಕತೆ ಮುಗಿಯಿತು. ಮೂರೂ ಅಳೆಯದೆ ಬಲ್ಬು ಬದಲಿಸುವುದು ಜ್ವರ ನೋಡದೆ ಮಾತ್ರೆ ಕೊಟ್ಟ ಹಾಗಾಯಿತು ಎನ್ನಲು ನಾನು ಹಿಂಜರಿಯುವುದಿಲ್ಲ.

ಎಲ್‌ಇಡಿಯ ಷರತ್ತು ಎಂದೆನಲ್ಲ, ಅದು ಇದು. ಹ್ಯಾಲೊಜನ್ನಿಗಾಗಿ ಮಾಡಿದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರುಗಳ ಮೇಲೆ 20ರಿಂದ 60 ವ್ಯಾಟ್ ಎಂಬಂಥ ಬರಹ ಇರುತ್ತದೆ. ಕನಿಷ್ಠ 20 ವ್ಯಾಟು ಭಾರ ಇಲ್ಲದಿದ್ದರೆ ಅದು ಸರಿಯಾಗಿ ಏಳುವುದಿಲ್ಲ. 50 ವ್ಯಾಟಿನ ಹ್ಯಾಲೊಜನ್ ತೆಗೆದು 5 ವ್ಯಾಟಿನ ಎಲ್‌ಇಡಿ ಹಾಕಿದಾಗ ಬಲ್ಬು ಮಿಣುಕುತ್ತದೆ, ಗುಂಯ್‌ಗುಡುತ್ತದೆ, ಕೆಲವು ತಿಂಗಳಿಗೆ ಸಾಯುತ್ತದೆ. ಎರಡನೆಯದಾಗಿ, 12 ವೋಲ್ಟು ಡಿಸಿ ಎಂದು ಮಾತ್ರ ಬರೆದ ಬಲ್ಬನ್ನು 12 ವೋಲ್ಟಿನ ಎಸಿಗೆ ಹಾಕಬೇಡಿ. 12 ವೋಲ್ಟಿನ ಎಸಿ ತನ್ನ ಅಲೆಯ ತುದಿಯಲ್ಲಿ 17 ವೋಲ್ಟು ಮುಟ್ಟುತ್ತದೆ. ಆ ಬಲ್ಬು ಅದಕ್ಕೆ ಸಿದ್ಧವಾಗಿರುವುದಿಲ್ಲ. ಮೂರನೆಯದು ಬಿಸಿ. ಎಲ್‌ಇಡಿ ತಣ್ಣಗಿರುತ್ತದೆ ಎಂಬುದು ಅರ್ಧ ಸತ್ಯ. ಬಲ್ಬಿನ ಬುಡದಲ್ಲಿರುವ ಕೆಪಾಸಿಟರು ಬಿಸಿಗೆ ಬಹಳ ನಾಜೂಕು, ಹತ್ತು ಡಿಗ್ರಿ ಹೆಚ್ಚಾದರೆ ಅದರ ಬಾಳು ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನವರ ಮೋಟು ಲೆಕ್ಕ. ಗಾಳಿಯಾಡದ ಸಣ್ಣ ಡಬ್ಬಕ್ಕೆ ದೊಡ್ಡ ವ್ಯಾಟಿನ ಬಲ್ಬು ತುರುಕಬೇಡಿ.

ಸುರಕ್ಷತೆಯ ಬಗ್ಗೆ ಒಂದು ಕಟುವಾದ ಮಾತು. "12 ವೋಲ್ಟು ತಾನೇ, ಶಾಕ್ ಹೊಡೆಯುವುದಿಲ್ಲ" ಎಂಬುದು ಸರಿ. ಆದರೆ ಬೆಂಕಿ ಹಿಡಿಯುವುದಿಲ್ಲ ಎಂದು ಅದರ ಅರ್ಥವಲ್ಲ. 300 ವ್ಯಾಟಿನ ಟ್ರಾನ್ಸ್‌ಫಾರ್ಮರು 25 ಆಂಪಿಯರ್ ಕೊಡಬಲ್ಲದು. ಸಪೂರ ವಯರಿನಲ್ಲಿ ಎಲ್ಲಿಯಾದರೂ ಶಾರ್ಟ್ ಆದರೆ ಪ್ಲಾಸ್ಟಿಕ್ ಕರಗಿ ಒಣ ತೆಂಗಿನ ಗರಿಗೆ ಕಿಡಿ ತಾಗಲು ಅಷ್ಟು ಸಾಕು. ಮನೆಯೊಳಗಿನ, ಸೋರುವ ಕರೆಂಟನ್ನು ಹಿಡಿದು ಲೈನು ಕಡಿಯುವ ಆರ್‌ಸಿಸಿಬಿಗೆ ಇದು ತಿಳಿಯುವುದೇ ಇಲ್ಲ, ಯಾಕೆಂದರೆ ಟ್ರಾನ್ಸ್‌ಫಾರ್ಮರು ಎರಡು ಬದಿಗಳನ್ನು ಬೇರ್ಪಡಿಸಿದೆ. 12 ವೋಲ್ಟಿನ ಬದಿಗೇ ಒಂದು ಫ್ಯೂಸು ಇರಲೇಬೇಕು. ಇನ್ನು ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿ 230 ವೋಲ್ಟು. ಅದನ್ನು ಗಿಡದ ಬುಡದಲ್ಲಿ, ಮುರಕಲ್ಲಿನ ಕಾಂಪೌಂಡಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಚೀಲ ಮುಚ್ಚಿ ಇಟ್ಟದ್ದನ್ನು ನಾನು ಹಲವು ಕಡೆ ಕಂಡಿದ್ದೇನೆ. ದಯವಿಟ್ಟು ಬೇಡ. ಎರಚಲು ತಾಗದ ಗೋಡೆಯಲ್ಲಿ, ನೆಲದಿಂದ ಎತ್ತರಕ್ಕೆ ಏರಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಯ್ದೇ ಅದಕ್ಕೆ ಕರೆಂಟು ಹೋಗಲಿ. ಆ ಬದಿಯ ಕೆಲಸಕ್ಕೆ ನೀವು ಕೈ ಹಾಕಬೇಡಿ, ಪರವಾನಗಿ ಇರುವವರನ್ನು ಕರೆಯಿರಿ.

ಈಗ ಸ್ವಲ್ಪ ಮುಜುಗರದ ವಿಷಯ, ದುಡ್ಡಿನದ್ದು. ಬಲ್ಬು ತಂದು ಹಾಕಿದರೆ ನೀವು ಚೌಕಾಸಿ ಮಾಡದೆ ಕೊಡುತ್ತೀರಿ, ಕಣ್ಣೆದುರು ಒಂದು ವಸ್ತು ಇದೆಯಲ್ಲ. ಒಂದೂವರೆ ಗಂಟೆ ಕುಕ್ಕರಗಾಲಲ್ಲಿ ಕೂತು ಹತ್ತು ದೀಪ ಅಳೆದು, "ಬಲ್ಬು ಬೇಡ, ಆ ಮೂರನೇ ಜಾಯಿಂಟು ಮಾಡಿದ್ದೇನೆ" ಎಂದರೆ, "ಜಾಯಿಂಟಿಗೆ ಇಷ್ಟಾ?" ಎನ್ನುತ್ತೀರಿ. ಹೀಗಾದಾಗ ಹೊಟ್ಟೆಪಾಡಿನ ಹುಡುಗರು ಏನು ಕಲಿಯುತ್ತಾರೆ? ಬಲ್ಬು ಬದಲಿಸುವುದನ್ನೇ ಕಲಿಯುತ್ತಾರೆ. ಐಟಿಐ ಮುಗಿಸಿ ಬಂದ ಎಷ್ಟೋ ಹುಡುಗರಿಗೆ ಓಮ್‌ನ ನಿಯಮ ಚೆನ್ನಾಗಿ ಗೊತ್ತಿದೆ; ಅದನ್ನು ಅಂಗಳದಲ್ಲಿ ಬಳಸಲು ಯಾರೂ ಅವರಿಗೆ ಕೂಲಿ ಕೊಡುವುದಿಲ್ಲ. ತಪ್ಪು ಹುಡುಕಿದ್ದಕ್ಕೆ ಕೂಲಿ ಕೊಡಿ. ವಸ್ತು ಏನೂ ಹಾಕದಿದ್ದರೂ ಕೊಡಿ. ಹೀಗೆ ಮಾಡಿದರೆ ಎರಡು ವರ್ಷದಲ್ಲಿ ನಿಮ್ಮ ಖರ್ಚೂ ಇಳಿಯುತ್ತದೆ, ಊರಿನಲ್ಲಿ ಒಳ್ಳೆಯ ಕೆಲಸಗಾರರೂ ಉಳಿಯುತ್ತಾರೆ.

ನನ್ನ ಕೋರಿಕೆಗಳನ್ನು ಒಟ್ಟುಮಾಡಿ ಹೇಳುತ್ತೇನೆ.

ಒಂದು: ವರ್ಷಕ್ಕೆ ಎರಡು ಸಲ ಅಂಗಳದ ದೀಪಗಳನ್ನು ಬಿಚ್ಚಿ ನೋಡಿಸಿ. ಕೋಲ, ಆಟಗಳೆಲ್ಲ ಮುಗಿಯುವ ಪತ್ತನಾಜೆಗೆ ಮೊದಲು ಒಮ್ಮೆ. ಮಳೆ ನಿಂತಮೇಲೆ ದೀಪಾವಳಿಗೆ ಮೊದಲು ಒಮ್ಮೆ. ಪತ್ತನಾಜೆಯದ್ದು ರಬ್ಬರು, ಗ್ಲಾಂಡು, ಜಾಯಿಂಟು ಬಿಗಿ ಮಾಡಲು. ದೀಪಾವಳಿಯದ್ದು ನೀರು, ಇರುವೆ, ಕಿಲುಬು ತೆಗೆಯಲು.

ಎರಡು: ಟ್ರಾನ್ಸ್‌ಫಾರ್ಮರಿನ ಡಬ್ಬದೊಳಗೆ ಒಂದು ಕಾಗದ ಅಂಟಿಸಿ. ಎಷ್ಟು ವ್ಯಾಟಿನ ಟ್ರಾನ್ಸ್‌ಫಾರ್ಮರು, ಎಸಿಯೋ ಡಿಸಿಯೋ, ಯಾವ ದೀಪಕ್ಕೆ ಎಷ್ಟು ವ್ಯಾಟು, ವಯರು ಯಾವ ದಾರಿಯಲ್ಲಿ ಹೋಗಿದೆ, ಯಾವ ತಾರೀಕಿಗೆ ಯಾವ ಬಲ್ಬು ಬದಲಿಸಿದೆ, ಎಲ್ಲ ಬರೆದಿರಲಿ. ಒಂದೇ ದೀಪದ ಹೆಸರು ಮೂರು ಸಲ ಬಂದರೆ ರೋಗ ಎಲ್ಲಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಮೂರು: ಮನೆಗೆ ಬೀಗ ಹಾಕಿ ಮುಂಬಯಿಗೋ ದುಬೈಗೋ ಹೋಗುವವರು ಟೈಮರನ್ನು ನಂಬಿ ಇಡೀ ಮಳೆಗಾಲ ದೀಪ ಉರಿಸಬೇಡಿ. ಗೇಟಿಗೊಂದು ದೀಪ ಸಾಕು, ಉಳಿದ ಸಾಲನ್ನು ಆರಿಸಿ. ಸಿಡಿಲಿನ ಏಪ್ರಿಲ್, ಮೇ ತಿಂಗಳಲ್ಲಿ ಊರಲ್ಲಿರುವವರೂ ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕೀಳಿ.

ನಾಲ್ಕು: ಸಮಿತಿಯವರು ಜಾತ್ರೆಗೆ, ಬ್ರಹ್ಮಕಲಶೋತ್ಸವಕ್ಕೆ ತಾತ್ಕಾಲಿಕ ದೀಪಗಳನ್ನು ಅಂಗಳದ ಹಳೆಯ 12 ವೋಲ್ಟಿನ ಸಾಲಿಗೆ ಸಿಕ್ಕಿಸಲು ಬಿಡಬೇಡಿ. ಹಬ್ಬ ಮುಗಿದ ಮೇಲೆ ಆ ಸಾಲಿನ ಬಲ್ಬುಗಳು ಒಂದೊಂದೇ ಹೋಗುವುದು ಆ ಭಾರದಿಂದ ಬೆಂದ ಜಾಯಿಂಟುಗಳಿಂದ.

ಐದು: ಸುಟ್ಟ ಬಲ್ಬು, ಕೆಟ್ಟ ಎಸ್‌ಎಂಪಿಎಸ್ಸುಗಳನ್ನು ತೋಡಿಗೆ, ಹೊಯಿಗೆಗೆ ಎಸೆಯಬೇಡಿ. ಒಂದು ಡಬ್ಬದಲ್ಲಿ ಕೂಡಿಟ್ಟು ಪಂಚಾಯತಿನ ಒಣಕಸದ ಗಾಡಿಗೆ ಬೇರೆಯಾಗಿ, ಹೇಳಿ ಕೊಡಿ. ಬ್ಲೂ ಫ್ಲ್ಯಾಗ್ ಬೀಚಿನ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೊನೆಯದಾಗಿ, ಮುಂದಿನ ಸಲ ನನಗಾಗಲಿ, ನಿಮ್ಮ ಊರಿನ ಇನ್ನೊಬ್ಬ ವೈರ್‌ಮನ್ನಿಗಾಗಲಿ ಫೋನ್ ಮಾಡುವಾಗ "ಬಲ್ಬು ಹೋಗಿದೆ" ಎಂದಷ್ಟೇ ಹೇಳಬೇಡಿ. ಎಷ್ಟು ದೀಪದಲ್ಲಿ ಎಷ್ಟು ಹೋಗಿವೆ, ಅವು ಮನೆಯ ಹತ್ತಿರದವೋ ಗೇಟಿನ ಹತ್ತಿರದವೋ, ಒಮ್ಮೆಗೇ ಹೋದವೋ ಒಂದೊಂದಾಗಿ ಹೋದವೋ, ಹಿಂದೆ ಅದೇ ಜಾಗದಲ್ಲಿ ಯಾವಾಗ ಬದಲಿಸಿದ್ದು, ಈ ನಾಲ್ಕು ಮಾತು ಹೇಳಿ. ಹಾಗೆ ಹೇಳಿದವರ ಮನೆಗೆ ನಾವು ಬಲ್ಬಿನ ಡಬ್ಬ ಬಿಟ್ಟು ಮೀಟರು ಹಿಡಿದುಕೊಂಡು ಬರುತ್ತೇವೆ.



ಇಂತಿ,
ತಮ್ಮ ವಿಶ್ವಾಸಿ,
ಪಡುಬಿದ್ರಿಯ ಒಬ್ಬ ವೈರ್‌ಮನ್